ಸುಖಿ ಮಾತಾಡುತ್ತಿದ್ದೇನೆ

"ಇದಕ್ಕೆ ನಗುವ ಮುಖ ಯಾರು ಹಾಕಿದ್ದು?" ಎಂದು ಟೀಮ್ ಲೀಡರ್ ಕೇಳಿದಾಗ ಯಾರೂ ತಲೆ ಎತ್ತಲಿಲ್ಲ. ಬೆಳಗಿನ ಹೊತ್ತು. ಎಲ್ಲರೂ ಆಗಷ್ಟೇ ಬಂದು, ಕುರ್ಚಿ ಸರಿಮಾಡಿಕೊಂಡು, ಕೀಬೋರ್ಡಿನ ಧೂಳು ಊದುತ್ತಿದ್ದರು. ಲೀಡರ್ ತನ್ನ ಲ್ಯಾಪ್‌ಟಾಪನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದು ಮೇಜುಗಳ ನಡುವೆ ನಿಂತು ಗಟ್ಟಿಯಾಗಿ ಓದಿದಳು. "'ಭಾರೀ ಒಳ್ಳೇ ಮಂಚ ಕೊಟ್ಟಿದೀರಿ. ಬಹಳ ಸಂತೋಷ ಆಯ್ತು. ನಿಮ್ಮ ಮನೆಯವರೆಲ್ಲ ಇಂಥ ಮಂಚದ ಮೇಲೇ ನೂರು ವರ್ಷ ಮಲಗಲಿ.' ಇದನ್ನ ತಗೊಂಡು ನಮ್ಮ ಪೇಜಲ್ಲಿ 'ಗ್ರಾಹಕರ ಪ್ರೀತಿಯ ನುಡಿ' ಅಂತ ಹಾಕಿದಾರೆ. ಸುತ್ತ ಹೂವಿನ ಚಿತ್ರ ಬೇರೆ. ಕೆಳಗೆ ಜನ ಹೊಟ್ಟೆ ಹಿಡ್ಕೊಂಡು ನಗ್ತಿದಾರೆ."

"ಯಾರೂ ಹಾಕಿಲ್ಲ ಮೇಡಂ. ಪೆಟ್ಟಿಗೆ ತಾನೇ ಹಾಕ್ಕೊಂಡಿದೆ" ಎಂದ ಮೂಲೆಯ ಮೇಜಿನವನು. ಅವನ ದಪ್ಪ ಮೀಸೆಯಿಂದಾಗಿ ಆಫೀಸಿನಲ್ಲಿ ಅವನಿಗೆ ಮೀಸೆ ಎಂದೇ ಹೆಸರು.

ಪೆಟ್ಟಿಗೆ ಎಂದರೆ ನಿಜವಾದ ಪೆಟ್ಟಿಗೆಯಲ್ಲ. ಮಂಚ, ಹಾಸಿಗೆ ಮಾರುವ ಆ ಕಂಪನಿಗೆ ಜನ ಯಾವ ಆ್ಯಪಿನಲ್ಲಿ ಬೈದರೂ, ಯಾವುದರಲ್ಲಿ ಹೊಗಳಿದರೂ, ಎಲ್ಲವೂ ಬಂದು ಒಂದೇ ಪರದೆಯಲ್ಲಿ ಬೀಳುವಂತೆ ಮಾಡುವ ಸಾಫ್ಟ್‌ವೇರು ಅದು. ಅದರ ಉದ್ದನೆಯ ಹೆಸರು ಯಾರ ನಾಲಿಗೆಗೂ ಹತ್ತದೆ, ಎಲ್ಲ ಬಂದು ಬೀಳುತ್ತದಲ್ಲ ಎಂದು ಪೆಟ್ಟಿಗೆಯಾಗಿತ್ತು. ಬಿದ್ದ ಮಾತಿಗೆಲ್ಲ ಪೆಟ್ಟಿಗೆ ಒಂದೊಂದು ಮುಖ ಅಂಟಿಸುತ್ತಿತ್ತು. ಸಿಟ್ಟಿಗೆ ಕೆಂಪು ಮುಖ, ಸಂತೋಷಕ್ಕೆ ಹಸಿರು. ಹಸಿರು ಬಿದ್ದರೆ ಯಾರನ್ನೂ ಕೇಳದೆ ತಾನೇ ಧನ್ಯವಾದ ಹೇಳುತ್ತಿತ್ತು. ಮಾತು ಚೆನ್ನಾಗಿದೆ ಎಂದು ತೋರಿದರೆ ಪೇಜಿಗೂ ಏರಿಸುತ್ತಿತ್ತು. ವ್ಯಂಗ್ಯ ಮಾತ್ರ ಅದರ ತಲೆಗೆ ಹೋಗುತ್ತಿರಲಿಲ್ಲ.

ಉತ್ತರ ಬರೆಯುವವರು ಆ ಕೋಣೆಯಲ್ಲಿ ಹಲವರಿದ್ದರೂ ಹೊರಗಿನವರಿಗೆ ಕಾಣುವವಳು ಒಬ್ಬಳೇ, ಸುಖಿ. ಕಂಪನಿ ಹುಟ್ಟಿಸಿದ ಹೆಣ್ಣು. ದಿಂಬಿಗೆ ಕೆನ್ನೆಯಿಟ್ಟು ನಗುತ್ತಿರುವ ಬಣ್ಣದ ಚಿತ್ರವೊಂದೇ ಅವಳ ಮೈ. ಬರೆದವರು ಯಾರೇ ಇರಲಿ, ಮೀಸೆಯೇ ಇರಲಿ, "ನಾನು ಸುಖಿ, ಮಾತಾಡುತ್ತಿದ್ದೇನೆ" ಎಂದೇ ಶುರು ಮಾಡಬೇಕು.

"ಇದನ್ನ ಹೊಸಬಳಿಗೆ ಕೊಡಿ. ಕೋಪ ಮಾಡ್ಕೊಂಡೋರ ಹತ್ರ ಮಾತಾಡೋಕೆ ಅವಳೇ ಸರಿ" ಎಂದಳು ಲೀಡರ್.

ಕಿಟಕಿಯ ಪಕ್ಕದ ಮೇಜಿನವಳನ್ನು ಹೊಸಬಳು ಎನ್ನುತ್ತಿದ್ದರು. ಅವಳು ಸೇರಿ ಬಹಳ ಕಾಲವಾಗಿತ್ತು, ಆದರೆ ಅವಳ ನಂತರ ಯಾರೂ ಸೇರಿರಲಿಲ್ಲ. ಹೀಗಾಗಿ ಹೊಸಬಳು ಹೊಸಬಳಾಗಿಯೇ ಉಳಿದಿದ್ದಳು. ಬೈಗುಳಕ್ಕೆ ಅವಳು ಬೆದರುತ್ತಿರಲಿಲ್ಲ. ಅವಳು ಮದುವೆಯಾಗಿ ಹೋದ ಮನೆಯಲ್ಲಿ ಇದಕ್ಕಿಂತ ಹರಿತವಾದ ಮಾತುಗಳನ್ನು ಕೇಳಿ, ಒಂದು ದಿನ ಒಂದೇ ಚೀಲ ಹಿಡಿದು ಹೊರಬಂದವಳು.

ಮೊದಲು ಪೇಜಿನಲ್ಲಿದ್ದ ಹೂವಿನ ಚಿತ್ರವನ್ನು ತೆಗೆದುಹಾಕಿ, ಕೈಯಲ್ಲಿದ್ದ ಹಳೆಯ ದೂರುಗಳನ್ನು ಮುಗಿಸಿ, ಮಧ್ಯಾಹ್ನದ ಮೇಲೆ ಆ ಗ್ರಾಹಕರ ಖಾತೆ ತೆರೆದಳು. ಹೆಸರು 'ದಾರಿಯ ರಾಜ' ಎಂದಿತ್ತು. ಮುಖ ಇರಬೇಕಾದ ಜಾಗದಲ್ಲಿ ಒಂದು ನೀಲಿ ಲಾರಿ ನಿಂತಿತ್ತು. ಇಂಥ ರಾಜರು ದಿನಕ್ಕೆ ಎಷ್ಟೋ ಜನ ಬರುತ್ತಿದ್ದರು. ಅವಳು ಏನೂ ಅಂದುಕೊಳ್ಳದೆ ದೂರಿನ ಜೊತೆಗಿದ್ದ ಫೋಟೋ ಒತ್ತಿದಳು.

ಕಾಯಿಲೆಯವರಿಗೆಂದು ಮಾರುವ ಮಂಚ. ಕಾಲಿನ ಕಡೆಯಿರುವ ಹಿಡಿಕೆ ತಿರುಗಿಸಿದರೆ ಬೆನ್ನಿನ ಕಡೆಯ ಅರ್ಧ ಮೆಲ್ಲಗೆ ಮೇಲೇಳಬೇಕು. ಫೋಟೋದಲ್ಲಿ ಆ ಅರ್ಧ ಒಂದು ಮಗ್ಗುಲಿಗೆ ವಾಲಿಕೊಂಡಿತ್ತು. ಅದರ ಹಿಂದೆ ಒಂದು ಬೀರು. ಬೀರುವಿನ ಕನ್ನಡಿಯ ಕೆಳಗಿನ ಮೂಲೆ ಇರಲಿಲ್ಲ. ಚೂಪು ಅಂಚಿಗೆ ಅಗಲವಾದ ಕಂದು ಟೇಪು ಅಂಟಿಸಿತ್ತು.

ಆ ಮೂಲೆ ಒಡೆದದ್ದು ಅವಳೇ. ಚಿಕ್ಕವಳಿದ್ದಾಗ ಅಕ್ಕನ ಮೇಲೆ ಎಸೆದ ಬಾಚಣಿಗೆ ಅಕ್ಕನಿಗೆ ತಾಗದೆ ಕನ್ನಡಿಗೆ ತಾಗಿತ್ತು. ಅವಳು ಫೋಟೋ ದೊಡ್ಡದು ಮಾಡಿದಳು. ಚಿತ್ರದ ಅಂಚಿನಲ್ಲಿ, ಯಾರೂ ತೆಗೆಯಬೇಕೆಂದು ತೆಗೆಯದ ಒಂದು ಪಾದ ಸಿಕ್ಕಿಕೊಂಡಿತ್ತು. ಕುರ್ಚಿಯಿಂದ ಇಳಿಬಿಟ್ಟ ಪಾದ. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ. ಮೇಜಿನ ಕೆಳಗೆ ಚಪ್ಪಲಿಯೊಳಗಿದ್ದ ಅವಳ ಪಾದವೂ ಹಾಗೇ ಇತ್ತು.

ಆ ಬೀರು ಈಗ ಅಕ್ಕನ ಮನೆಯಲ್ಲಿತ್ತು. ನೀಲಿ ಲಾರಿ ಭಾವನದು. ಅವನ ಖಾತೆಯಿಂದ ಹೀಗೆ ಚುಚ್ಚಿ ಬರೆಯುವವಳು ಅಕ್ಕ. ಇಷ್ಟು ಹೊಳೆದ ಮೇಲೂ ಅವಳ ಬುದ್ಧಿಗೆ ಮುಂದಿನದು ಎಟುಕಲಿಲ್ಲ. ಮಂಚ ಯಾರಿಗೆ?

ಅಕ್ಕನಿಗೂ ಅವಳಿಗೂ ಮಾತು ನಿಂತು ಎರಡು ವರ್ಷದ ಮೇಲಾಗಿತ್ತು. ಗಂಡನ ಮನೆ ಬಿಟ್ಟು ಬಂದು ಒಂದು ಹಾಸ್ಟೆಲಿನಲ್ಲಿದ್ದಾಗ, ಆ ಗಂಡ ಅದರ ಗೇಟಿನ ಮುಂದೆ ಬಂದು ನಿಂತಿದ್ದ. ದಿನವೂ ನಿಲ್ಲುತ್ತಿದ್ದ. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಸುಮ್ಮನೆ ನಿಲ್ಲುತ್ತಿದ್ದ. ವಿಳಾಸ ಕೊಟ್ಟವಳು ಅಕ್ಕ. "ಅವನು ಅತ್ತುಬಿಟ್ಟ ಕಣೇ, ನಾನೇನ್ಮಾಡ್ಲಿ" ಎಂದಿದ್ದಳು. ಅವಳು ಹಾಸ್ಟೆಲ್ ಬಿಟ್ಟಳು, ಫೋನ್ ನಂಬರ್ ಬದಲಿಸಿದಳು, ಹೊಸ ನಂಬರನ್ನು ಅಮ್ಮನಿಗೊಬ್ಬಳಿಗೇ ಕೊಟ್ಟು "ಅಕ್ಕನಿಗೆ ಕೊಟ್ರೆ ನನ್ನ ಮೇಲಾಣೆ" ಎಂದಳು. ಅಮ್ಮ ಅಕ್ಕನ ಮನೆಯಲ್ಲೇ ಇದ್ದು, ನಂಬರನ್ನು ಬಾಯಿಪಾಠ ಮಾಡಿಕೊಂಡು, ಅಕ್ಕ ಕೆಲಸಕ್ಕೆ ಹೋದ ಹೊತ್ತಿಗೆ ಕದ್ದು ಫೋನ್ ಮಾಡಿ ಗುರುತು ಅಳಿಸಿಬಿಡುತ್ತಿದ್ದಳು. ಈಚೆಗೆ ಆ ಫೋನೂ ನಿಂತುಹೋಯಿತು. ಇವಳು ಮಾಡಿದರೆ ಸ್ವಿಚ್ ಆಫ್. ಅಮ್ಮನೂ ಅಕ್ಕನ ಕಡೆ ಸೇರಿದಳು, ಸೇರಲಿ ಎಂದು ಇವಳು ಮನಸ್ಸನ್ನು ಕಲ್ಲು ಮಾಡಿಕೊಂಡಿದ್ದಳು.

ಪರದೆಯ ಮೂಲೆಯಲ್ಲಿ ಪೆಟ್ಟಿಗೆ ಮಿನುಗತೊಡಗಿತು. ತಡವಾಗುತ್ತಿದೆ, ಉತ್ತರಿಸು. ಕೆಳಗೆ ಸಿದ್ಧ ಉತ್ತರವೂ ಕಾಯುತ್ತಿತ್ತು. ಕೈ ಅಭ್ಯಾಸಬಲದಿಂದ ಒತ್ತಿತು.

"ನಮಸ್ಕಾರ! ನಾನು ಸುಖಿ, ಮಾತಾಡುತ್ತಿದ್ದೇನೆ. ನನ್ನಿಂದ ನಿಮಗಾದ ನೋವಿಗೆ ಮನಸಾರೆ ಕ್ಷಮೆ ಕೇಳುತ್ತೇನೆ."

ಹೋದ ಮೇಲೆ ಅವಳು ಆ ಸಾಲನ್ನು ನೋಡುತ್ತ ಕೂತಳು. ಅಕ್ಕನೆದುರು ಹುಟ್ಟಿದಂದಿನಿಂದ ಬಾಯಿಗೆ ಬಾರದ ಮಾತು ಒಂದು ಒತ್ತಿಗೆ ಹೊರಟುಹೋಗಿತ್ತು. ಅದೂ ತಪ್ಪು ಯಾರದೆಂದು ತೀರ್ಮಾನವಾಗುವ ಮೊದಲೇ.

ಉತ್ತರ ಬೇಗ ಬಂತು. "ನೀವು ಮನುಷ್ಯರೋ ಮೆಷಿನ್ನೋ? ನಾನು ಉಗಿದಿದ್ದಕ್ಕೆ ಥ್ಯಾಂಕ್ಸ್ ಹೇಳಿದ್ರಲ್ಲ."

ಇಂಥ ಪ್ರಶ್ನೆಗೆ ಏನು ಹೇಳಬೇಕೆಂದು ಕಂಪನಿಯ ನಿಯಮವಿತ್ತು. 'ನಾನು ನಿಮ್ಮ ಗೆಳತಿ' ಎನ್ನಬೇಕು. ಅವಳು ಹಾಗೆ ಬರೆದು ಅಳಿಸಿದಳು. "ಮನುಷ್ಯಳೇ" ಎಂದಷ್ಟೇ ಬರೆದಳು.

"ಹಂಗಾದ್ರೆ ಸರಿಯಾಗಿ ಕೇಳಿಸ್ಕೊಳ್ಳಿ. ಹಿಡಿಕೆ ತಿರುಗಿಸಿ ಬೆನ್ನು ಎತ್ತರ ಮಾಡ್ತೀನಿ. ಕೈ ಬಿಟ್ಟ ಕೂಡ್ಲೆ ಧಡ್ ಅಂತ ಕೆಳಗೆ ಬೀಳುತ್ತೆ. ಮೇಲೆ ಮಲಗಿರೋರು ನಮ್ಮಮ್ಮ. ಅವಳಿಗೆ ಹೆದರಿಕೆ ಆಯ್ತು ಅಂತ ಹೇಳೋಕೂ ಬರಲ್ಲ. ಮಾತು ಹೋಗಿದೆ."

ಹೊಸಬಳು ಮೇಜಿನ ಅಂಚು ಹಿಡಿದುಕೊಂಡಳು. ಮೂಲೆಯ ಮೇಜಿನಲ್ಲಿ ಮೀಸೆ ಯಾರಿಗೋ ದಿಂಬಿನ ಅಳತೆ ಹೇಳುತ್ತ ಸುಖಿಯಾಗಿದ್ದ. ಯಾರೋ ಎಸಿ ಹೆಚ್ಚಾಯ್ತು ಎನ್ನುತ್ತಿದ್ದರು. ಅವಳ ಬೆರಳುಗಳು ತಾವಾಗಿಯೇ "ಯಾವಾಗಿಂದ?" ಎಂದು ಬರೆದು ಕಳಿಸಿದವು. 'ಈ ಪ್ರಶ್ನೆ ಉತ್ಪನ್ನಕ್ಕೆ ಸಂಬಂಧಿಸಿಲ್ಲ' ಎಂದು ಪೆಟ್ಟಿಗೆ ಹಳದಿ ಗೆರೆ ಎಳೆದು ಎಚ್ಚರಿಸಿತು.

"ಬೇಸಿಗೆ ಕೊನೇಲಿ. ಸ್ನಾನ ಮುಗಿಸಿ ಬಂದು ಟವೆಲ್ ಒಣಗಿಸೋಕೆ ಹೋದ್ಲು. ಟವೆಲ್ ಜಾರಿ ಬಿತ್ತು. ಎತ್ಕೊಳ್ಳೋಕೆ ಬಗ್ಗಿದೋಳು ಏಳಲೇ ಇಲ್ಲ. ಬಲಗೈ, ಬಲಗಾಲು, ಮಾತು, ಎಲ್ಲಾ ಒಟ್ಟಿಗೇ ಹೋಯ್ತು. ನಿಮಗ್ಯಾಕೆ ಇದೆಲ್ಲ. ಮಂಚ ಸರಿಮಾಡ್ಕೊಡಿ ಸಾಕು."

ಬೇಸಿಗೆಯ ಕೊನೆ. ಫೋನು ನಿಂತದ್ದೂ ಆಗಲೇ. ಇವಳು ಅಮ್ಮನ ಮೇಲೆ ಮುನಿಸಿಕೊಂಡು, ಮಾಡಿದರೆ ಅವಳೇ ಮಾಡಲಿ ಎಂದು ಹಟಕ್ಕೆ ಕೂತಿದ್ದಾಗ ಅಮ್ಮ ಒಂದು ಕೈ ಎತ್ತಲಾರದೆ ಮಲಗಿದ್ದಳು. ಪೆಟ್ಟಿಗೆ ಮೂರು ಉತ್ತರಗಳನ್ನು ಮುಂದಿಟ್ಟಿತು. 'ನಿಮ್ಮ ಅನುಭವ ಹಂಚಿಕೊಂಡಿದ್ದಕ್ಕೆ ಖುಷಿಯಾಯಿತು!' ಎಂಬುದು ಮೊದಲನೆಯದು. ಅವಳು ಅದನ್ನು ದಾಟಿ, ಕೊನೆಗೆ ಉಳಿದದ್ದನ್ನೇ ಒತ್ತಿದಳು. "ದುರಸ್ತಿಗೆ ನಮ್ಮ ಫಿಟ್ಟರ್ ಬರುತ್ತಾರೆ. ದಯವಿಟ್ಟು ನಿಮ್ಮ ವಿಳಾಸ ತಿಳಿಸಿ."

ಅಕ್ಕ ಬರೆಯುತ್ತಿದ್ದಾಳೆಂದು ಚುಕ್ಕಿಗಳು ಕುಣಿದವು, ನಿಂತವು, ಮತ್ತೆ ಕುಣಿದವು.

"ವಿಳಾಸ ನಿಮ್ಮಲ್ಲೇ ಇರುತ್ತಲ್ಲ, ಮಂಚ ತಂದು ಹಾಕಿದೋರು ನೀವೇ. ವಿಳಾಸ ಅಂದ್ರೆ ನನಗೆ ಭಯ. ಒಂದ್ಸಲ ಒಬ್ಬರಿಗೆ ಬಾಯಿಬಿಟ್ಟು ವಿಳಾಸ ಹೇಳಿ ಅನುಭವಿಸ್ತಾ ಇದೀನಿ."

ಇದು ಅಕ್ಕ ಅಂಗಡಿಗೆ ಹೇಳುತ್ತಿರುವ ಮಾತೋ, ತನಗೋ? ತಾನೇ ಇಲ್ಲಿ ಕೂತಿದ್ದೇನೆಂದು ಅಕ್ಕನಿಗೆ ಗೊತ್ತಿದೆಯೋ? ಗೊತ್ತಿರಲು ದಾರಿಯೇ ಇಲ್ಲ. ಗೊತ್ತಿಲ್ಲದಿದ್ದರೆ ಮಂಚದ ಅಂಗಡಿಯವರಿಗೆ ಈ ಮಾತು ಯಾಕೆ ಹೇಳಬೇಕು? ಅಥವಾ ಅಕ್ಕ ಈಗ ಸಿಕ್ಕವರಿಗೆಲ್ಲ, ಹಾಲಿನವನಿಗೂ ಬಸ್ಸಿನಲ್ಲಿ ಪಕ್ಕ ಕೂತವರಿಗೂ, ಹೀಗೇ ಹೇಳುತ್ತ ತಿರುಗುತ್ತಿದ್ದಾಳೋ? "ಪರವಾಗಿಲ್ಲ" ಎಂದು ಬರೆದಳು. ಏನು ಪರವಾಗಿಲ್ಲ, ಯಾರ ಪರವಾಗಿ ಇದನ್ನು ಹೇಳುತ್ತಿದ್ದೇನೆ ಎಂದು ಯೋಚಿಸುತ್ತ ಅದನ್ನು ಅಳಿಸಿದಳು. ಅಷ್ಟರಲ್ಲಿ ಅವಳ ಪಾಳಿ ಮುಗಿದು ಪರದೆ ತಾನಾಗಿ ಮಬ್ಬಾಯಿತು.

ಸಂಜೆ ತನ್ನ ಬಾಡಿಗೆ ಕೋಣೆಯಲ್ಲಿ ಅವಳು ಅಮ್ಮನ ನಂಬರ್ ಒತ್ತಿದಳು. ಸ್ವಿಚ್ ಆಫ್. ಸೀದಾ ಬಸ್ಸು ಹತ್ತಿ ಹೋಗಿಬಿಡಬಹುದಿತ್ತು. ಚಪ್ಪಲಿ ಮೆಟ್ಟಿಕೊಂಡಳು, ಬೀಗ ಕೈಗೆ ತೆಗೆದುಕೊಂಡಳು. ಹೋಗಿ ಏನು ಹೇಳುವುದು? ಯಾರು ಹೇಳಿದರು ನಿನಗೆ ಎಂದು ಅಕ್ಕ ಕೇಳಿದರೆ, ನೀನೇ ಹೇಳಿದೆ ಎನ್ನಬೇಕು. ನಾನು ನಿನಗೆ ಹೇಳಲಿಲ್ಲವಲ್ಲ, ಅಂಗಡಿಯವರಿಗೆ ಹೇಳಿದೆ ಎನ್ನುತ್ತಾಳೆ. ಕದ್ದು ಕೇಳಿಸಿಕೊಂಡೆಯಾ ಎನ್ನುತ್ತಾಳೆ. ಕದ್ದು ಕೇಳಿದ್ದು ಹೌದೋ ಅಲ್ಲವೋ ಅವಳಿಗೇ ತಿಳಿಯಲಿಲ್ಲ. ಚಪ್ಪಲಿ ಕಳಚಿದಳು.

ಮರುದಿನ ಬಂದು ಪೆಟ್ಟಿಗೆ ತೆರೆದರೆ ಅಕ್ಕನ ಮಾತುಕತೆ ಅವಳು ಬಿಟ್ಟಲ್ಲಿ ನಿಂತಿರಲಿಲ್ಲ. ಉದ್ದಕ್ಕೆ ಬೆಳೆದಿತ್ತು. ಅವಳು ಎದ್ದುಹೋದ ಮೇಲೂ ಸುಖಿ ಮಾತಾಡುತ್ತಲೇ ಇದ್ದಳು.

"ಮನೆಯಲ್ಲಿ ಸಹಾಯಕ್ಕೆ ಬೇರೆ ಯಾರೂ ಇಲ್ಲವೇ ಅಕ್ಕಾ?" ಎಂದು ಸುಖಿ ಕೇಳಿದ್ದಳು.

"ಗಂಡ ಲಾರಿ ಹತ್ತಿದ್ರೆ ವಾರಗಟ್ಟಲೆ ಬರಲ್ಲ. ಒಬ್ಬಳು ತಂಗಿ ಇದಾಳೆ. ಗುಬ್ಬಿ ಅಂತ ಕರೀತೀವಿ. ಇದ್ದೂ ಇಲ್ಲ. ಎಲ್ಲಿದಾಳೋ ಗೊತ್ತಿಲ್ಲ. ಫೋನ್ ಮಾಡಿದ್ರೆ ಈ ನಂಬರ್ ಚಾಲ್ತಿಯಲ್ಲಿಲ್ಲ ಅಂತ ಒಬ್ಬಳು ನಯವಾಗಿ ಹೇಳ್ತಾಳೆ. ನಿಮ್ಮ ಥರಾನೇ ಒಬ್ಬಳು."

"ಒಡಹುಟ್ಟಿದವರ ಮುನಿಸು ಎಷ್ಟು ದಿನ ಇರುತ್ತೆ ಅಕ್ಕಾ. ನನಗೂ ಒಬ್ಬ ಅಣ್ಣ ಇದ್ದಾನೆ. ನಾವೂ ಹೀಗೇ ಕಿತ್ತಾಡಿಕೊಂಡಿದ್ದೆವು. ಒಂದು ದಿನ ನಾನೇ ಹೋಗಿ ಅವನ ಮುಂದೆ ನಿಂತೆ. ಅವನು ಅತ್ತುಬಿಟ್ಟ."

"ನನ್ನ ತಂಗಿ ಅಳೋ ಪೈಕಿ ಅಲ್ಲ. ನಾನೂ ಅಲ್ಲ." ಆಮೇಲೆ ಸ್ವಲ್ಪ ಬಿಟ್ಟು ಅಕ್ಕ ಕೇಳಿದ್ದಳು. "ಮಧ್ಯಾಹ್ನ ಬರೆದಿದ್ದೂ ನೀವೇನಾ? ಯಾಕೋ ಮಾತಿನ ಧಾಟಿ ಬೇರೆ ಅನ್ನಿಸ್ತಿದೆ."

"ನಾನೇ ಅಕ್ಕಾ. ಸುಖಿ ಅಂದ್ರೆ ಒಬ್ಬಳೇ!"

ನಿನ್ನೆ ಸಂಜೆಯ ಪಾಳಿಯನ್ನೂ ಮೀಸೆಯೇ ನೋಡಿಕೊಂಡಿದ್ದ. ಅವಳು ಎದ್ದು ಅವನ ಮೇಜಿಗೆ ಹೋದಳು. "ಇದನ್ನೆಲ್ಲ ಬರೆದಿದ್ದು ನೀವಾ?"

"ಹೂಂ. ನೀನು 'ಯಾವಾಗಿಂದ' ಅಂತ ಕೇಳಿ ಮಾತು ಎಳೆದಿದ್ದೆಯಲ್ಲ, ಮಧ್ಯದಲ್ಲಿ ಬಿಟ್ರೆ ಚೆನ್ನಾಗಿರಲ್ಲ ಅಂತ ಮುಂದುವರಿಸಿದೆ. ಯಾಕೆ, ಸರಿಯಾಗ್ಲಿಲ್ವಾ?"

"ನಿಮ್ಮ ಅಣ್ಣನ ವಿಷಯ..."

"ನನಗೆಲ್ಲಿ ಅಣ್ಣ? ನಾನು ಒಬ್ಬನೇ ಮಗ. ಸುಖಿಗೆ ಒಬ್ಬ ಅಣ್ಣ ಇದಾನೆ ಅನ್ಕೊಂಡೆ." ಮೀಸೆಯ ಮುಖದಲ್ಲಿ ತಮಾಷೆ ಇರಲಿಲ್ಲ. "ಪಾಪ ಅನ್ನಿಸ್ತು ಕಣಮ್ಮ. ಆ ತಂಗಿ ಅನ್ನೋಳು ಎಂಥ ಹೆಂಗಸೋ ಏನೋ."

ಅವಳು ನಿಂತೇ ಇದ್ದಳು. ಮೀಸೆ ಕುರ್ಚಿಯೆಳೆದು ಕೊಟ್ಟ, ಕೂರಲಿಲ್ಲ. ಅಷ್ಟರಲ್ಲಿ ಲೀಡರ್ ಗಾಜಿನ ಕೋಣೆಯಿಂದ ಕೈ ಮಾಡಿ ಕರೆದಳು.

ಲೀಡರಳ ಪರದೆಯ ಮೇಲೂ ಅದೇ ನೀಲಿ ಲಾರಿ. "ಒಂದು ಹಿಡಿಕೆ ರಿಪೇರಿಗೆ ಇಷ್ಟುದ್ದ ಮಾತಾ? ಪೆಟ್ಟಿಗೆ ಇದನ್ನ ಬೇರೆ ತೆಗೆದಿಟ್ಟಿದೆ, 'ವಿಷಯಾಂತರ' ಅಂತ. ಏನು ನಡೀತಿದೆ?"

"ಅದು ನನ್ನ ಅಕ್ಕ ಮೇಡಂ."

"ಒಳ್ಳೇದೇ. ಕಸ್ಟಮರ್‌ನ ಅಕ್ಕ ಅಣ್ಣ ಅನ್ಕೊಂಡು ಮಾತಾಡ್ಬೇಕು, ನಾನು ಬೇಡ ಅನ್ನಲ್ಲ. ಆದ್ರೆ ಅದಕ್ಕೂ ಒಂದು ಮಿತಿ..."

"ಅಲ್ಲ ಮೇಡಂ. ಅಕ್ಕ."

"ಗೊತ್ತಾಯ್ತಮ್ಮ, ಮೀಸೆನೂ ಅಕ್ಕಾ ಅಕ್ಕಾ ಅಂತಾನೇ ಬರ್ದಿದಾನೆ."

"ನನ್ನ ಸ್ವಂತ ಅಕ್ಕ. ಮಂಚದ ಮೇಲಿರೋದು ನನ್ನಮ್ಮ."

ಲೀಡರ್ ಪರದೆಯನ್ನು ನೋಡಿದಳು, ಅವಳನ್ನು ನೋಡಿದಳು, ಮೊದಲಿಂದ ಮತ್ತೆ ಓದತೊಡಗಿದಳು. ಓದುತ್ತ ಓದುತ್ತ ಅವಳ ಕೈ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತ ಹೋಯಿತು. "ಅವರಿಗೆ ಗೊತ್ತಾ, ನೀನು ಅಂತ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಅವರಿಗೆ ಗೊತ್ತಿಲ್ಲ ಅಂತಲೋ, ಗೊತ್ತಿದೆಯೋ ಇಲ್ವೋ ನಿನಗೆ ಗೊತ್ತಿಲ್ಲ ಅಂತಲೋ?"

"ಎರಡೂ."

ನಿಯಮವೇನೋ ಇತ್ತು. ಮನೆಯವರ ದೂರನ್ನು ಮನೆಯವರೇ ನೋಡುವ ಹಾಗಿಲ್ಲ. ಫಿಟ್ಟರ್ ನಾಳೆ ಬೆಳಿಗ್ಗೆ ಆ ಕಡೆಗೇ ಹೋಗುತ್ತಾನೆ, ಹಿಡಿಕೆ ಬದಲಿಸುತ್ತಾನೆ, ಆಮೇಲೆ ಮಾತುಕತೆ ಮುಚ್ಚಿಬಿಡೋಣ ಎಂದಳು ಲೀಡರ್. "ನಾನೂ ಅವರ ಜೊತೆ ಹೋಗ್ಲಾ?" ಎಂದು ಹೊಸಬಳು ಕೇಳಿದಳು.

"ಹೋಗು, ಬೇಡ ಅನ್ನಲ್ಲ. ಆದ್ರೆ ಯಾರಾಗಿ ಹೋಗ್ತೀಯ? ಕಂಪನಿ ಕಡೆಯಿಂದಾನಾ, ಮಗಳಾಗಾ?"

ಹೊಸಬಳು ಮೇಜಿಗೆ ಮರಳಿ ಬಂದು "ಅಕ್ಕಾ, ನಾನು" ಎಂದು ಬರೆದಳು. ಮೀಸೆ ನಿನ್ನೆ ಸಂಜೆಯಿಡೀ ಅಕ್ಕಾ ಎಂದು ಕರೆದು ಆ ಪದವನ್ನು ಸವೆಸಿಬಿಟ್ಟಿದ್ದ. ಈಗ ತಾನು ಬರೆದರೂ ಅದು ಸುಖಿಯದೇ ಮಾತಾಗುತ್ತಿತ್ತು. ಅಳಿಸಿ ಬರೆದಳು. "ನಾಳೆ ಬೆಳಿಗ್ಗೆ ಬರುತ್ತೇವೆ."

"ಬರುತ್ತೇವೆ ಅಂದ್ರೆ? ನೀವೂ ಬರ್ತೀರಾ?"

"ಹೌದು."

ಅಕ್ಕ ಓದಿದ್ದಾಳೆಂಬ ಗುರುತು ಬಿತ್ತು. ಚುಕ್ಕಿಗಳು ಬಹಳ ಹೊತ್ತು ಕುಣಿದವು. ಇಷ್ಟು ಹೊತ್ತು ಬರೆಯುತ್ತಿರುವುದು ಪುಟಗಟ್ಟಲೆ ಇರಬೇಕು ಎಂದು ಅವಳು ಕಾದಳು. ಕೊನೆಗೆ ಬಂದದ್ದು ಇಷ್ಟೇ. "ಬೆಲ್ ಕೆಟ್ಟಿದೆ. ಬಾಗಿಲು ಬಡೀರಿ." ಪೆಟ್ಟಿಗೆ ಅದಕ್ಕೆ ಯಾವ ಮುಖ ಹಾಕಬೇಕೆಂದು ತಿಳಿಯದೆ ಹಳದಿ ಹಾಕಿತು.

ಫಿಟ್ಟರ್ ಮಾತಿನ ಮಲ್ಲ. ವ್ಯಾನಿನಲ್ಲಿ ದಾರಿಯುದ್ದಕ್ಕೂ ಮಂಚಗಳ ಕಥೆ ಹೇಳಿದ. ಒಂದು ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿ ಡಬಲ್ ಕಾಟ್ ಮಂಚವನ್ನು ಎರಡಾಗಿ ಮಾಡಿಕೊಡು ಎಂದರಂತೆ, ಮಾಡಿಕೊಟ್ಟನಂತೆ, ತಿಂಗಳಲ್ಲೇ ಮತ್ತೆ ಕರೆದು ಸೇರಿಸಿಕೊಡು ಎಂದರಂತೆ. ಅವಳು ಹೂಂಗುಟ್ಟುತ್ತಿದ್ದಳು. ಕಂಪನಿಯ ನೀಲಿ ಕೋಟನ್ನು ಹಾಕಿಕೊಂಡು ಬಂದಿದ್ದಳು. ವ್ಯಾನಿನಲ್ಲಿ ಒಮ್ಮೆ ಕಳಚಿ ಮಡಿಲಲ್ಲಿಟ್ಟುಕೊಂಡಳು, ಕಟ್ಟಡದ ಮುಂದೆ ಇಳಿಯುವಾಗ ಮತ್ತೆ ತೊಟ್ಟಳು. ಮೆಟ್ಟಿಲು ಹತ್ತುವಾಗ ಮತ್ತೆ ಕಳಚಹೊರಟು ಒಂದು ತೋಳು ಮಾತ್ರ ಒಳಗುಳಿದಿತ್ತು.

ಫಿಟ್ಟರ್ ಬಾಗಿಲು ಬಡಿದ. ಒಳಗಿಂದ ಚಿಲಕ ಸರಿಯಿತು. ಅಕ್ಕ ಸೊರಗಿದ್ದಳು. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು. ಹೆಗಲ ಮೇಲೆ ಒದ್ದೆ ಬಟ್ಟೆ. ಅವಳು ಮೊದಲು ಫಿಟ್ಟರನ್ನು ನೋಡಿದಳು, ಅವನ ಕೈಯ ಹೊಸ ಹಿಡಿಕೆಯನ್ನು ನೋಡಿದಳು, ಆಮೇಲೆ ಅವನ ಹಿಂದೆ ಅರ್ಧ ಕೋಟು ತೊಟ್ಟು ನಿಂತವಳನ್ನು.

"ನೀನಾ?" ಎಂದಳು.

"ಹೂಂ" ಎಂದಳು ತಂಗಿ. ಅಕ್ಕ ಕೇಳಿದ್ದು ತಂಗಿಯಾದ ನೀನಾ ಎಂದೋ, ಸುಖಿ ಅಂದರೆ ನೀನಾ ಎಂದೋ, ತಾನು ಹೂಂ ಎಂದದ್ದು ಯಾವುದಕ್ಕೋ. ಅಕ್ಕ ಇನ್ನೇನೂ ಕೇಳದೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. "ಚಪ್ಪಲಿ ಅಲ್ಲೇ ಬಿಡಿ. ಈಗಷ್ಟೇ ನೆಲ ಒರೆಸಿದೀನಿ" ಎಂದಳು. ಆ 'ಬಿಡಿ' ಫಿಟ್ಟರೊಬ್ಬನಿಗೋ, ಇಬ್ಬರಿಗೋ, ಅದೂ ಗೊತ್ತಾಗಲಿಲ್ಲ.

ಅಮ್ಮನನ್ನು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂರಿಸಿತ್ತು. ಬೀಳದಿರಲೆಂದು ಸೊಂಟಕ್ಕೆ ಒಂದು ಮೆತ್ತನೆಯ ಪಟ್ಟಿ ಕಟ್ಟಿತ್ತು. ಮುಖದ ಒಂದು ಬದಿ ಇಳಿದುಹೋಗಿತ್ತು, ಇನ್ನೊಂದು ಬದಿ ಮಾತ್ರ ಹಳೆಯ ಅಮ್ಮನದೇ. ಮಗಳು ಹತ್ತಿರ ಹೋಗಿ ಮಂಡಿಯೂರಿ ಕೂತಳು. ಅಮ್ಮ ಅವಳನ್ನು ನೋಡಿದಳು, ಅವಳ ಕೋಟಿನ ಗುಂಡಿ ನೋಡಿದಳು. ಎಡಗೈ ಎತ್ತಿ ಆ ಗುಂಡಿಯನ್ನು ಮುಟ್ಟಿದಳು.

"ಬಾ" ಎಂದಳು ಅಮ್ಮ.

ಮಗಳು ಬಿಕ್ಕಿಬಿಟ್ಟಳು. "ಬಂದೆ ಅಮ್ಮ. ಬಂದಿದೀನಿ."

"ಎಲ್ಲಾದಕ್ಕೂ ಅದನ್ನೇ ಹೇಳೋದು" ಎಂದಳು ಅಕ್ಕ ಹಿಂದಿನಿಂದ. ದನಿಯಲ್ಲಿ ಕುಹಕವಿರಲಿಲ್ಲ. ತಿಳಿಸಿಕೊಡುವ ದನಿ. "ಆ ಒಂದೇ ಮಾತು ಉಳಿದಿರೋದು. ನೀರು ಬೇಕಂದ್ರೂ ಬಾ, ಸಾಕಂದ್ರೂ ಬಾ. ಕಾಗೆ ಬಂದ್ರೂ ಬಾ, ಹೋದ್ರೂ ಬಾ. ಮೊದಲು ನನಗೂ ಹಿಂಗೇ ಆಗ್ತಿತ್ತು. ಅಡುಗೆಮನೆಯಿಂದ ಓಡಿ ಓಡಿ ಬರ್ತಿದ್ದೆ."

"ಈಗ?"

"ಈಗ್ಲೂ ಓಡಿ ಬರ್ತೀನಿ. ಯಾವ್ದಕ್ಕೆ ಕರೆದ್ಲೋ ಏನೋ."

ಫಿಟ್ಟರ್ ಮಂಚದ ಕೆಳಗೆ ಹೋಗಿದ್ದ. ಅವನ ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. "ಹಲ್ಲು ಸವೆದಿದೆ ಮೇಡಂ, ಕಾರ್ಖಾನೆಯಿಂದಲೇ ಹಂಗೇ ಬಂದಿದೆ" ಎಂದು ಒಳಗಿಂದ ಕೂಗಿದ. ಯಾವ ಮೇಡಂಗೆ ಹೇಳಿದನೋ, ಇಬ್ಬರೂ ತಲೆಯಾಡಿಸಿದರು. ಅಕ್ಕ ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಬಂದು ಗೋಡೆಗೆ ಒರಗಿದಳು. ಇಬ್ಬರ ನಡುವೆ ಮಂಚವಿತ್ತು.

"ನಿನ್ನಣ್ಣ ಯಾರೇ ಅದು, ಅತ್ತೋನು?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

ಹಾಗಾದರೆ ಗೊತ್ತಿದೆ. ಯಾವಾಗಿನಿಂದ? ಬಾಗಿಲು ತೆರೆದಾಗಿನಿಂದಲೋ, 'ಹೌದು' ಎಂದು ಬರೆದಾಗಿನಿಂದಲೋ, ವಿಳಾಸ ಕೇಳಿದಾಗಿನಿಂದಲೋ? ಕೇಳಲು ಬಾಯಿ ತೆರೆದವಳು ಬೇರೇನೋ ಹೇಳಿದಳು. "ಅದು ನಾನಲ್ಲ. ನಮ್ಮ ಆಫೀಸಲ್ಲಿ ಒಬ್ರು ಮೀಸೆಯವ್ರು. ಅವರಿಗೂ ಅಣ್ಣ ಇಲ್ಲ."

"ಮತ್ತೆ ಯಾರು ಅತ್ತಿದ್ದು?"

"ಯಾರೂ ಅತ್ತಿಲ್ಲ. ಸುಮ್ನೆ ಬರೆದಿದಾರೆ."

ಅಕ್ಕ ಇದನ್ನು ಒಳಗೆ ತೂಗಿ ನೋಡುವಂತೆ ನಿಂತಳು. ತುಟಿ ಒಮ್ಮೆ ಅದುರಿತು. ನಗುವೋ ಏನೋ. "ನಾನು ಅದಕ್ಕೆ ಎಷ್ಟೊತ್ತು ಯೋಚನೆ ಮಾಡ್ದೆ ಗೊತ್ತಾ" ಎಂದಳು. ಆಮೇಲೆ, ಗೋಡೆಯನ್ನು ನೋಡುತ್ತ, "ಕ್ಷಮಿಸಿ ಅಂತ ಮೊದಲೇ ಬರೆದಿದ್ರಲ್ಲ. ಅದು?"

"ಅದು ಮೆಷಿನ್ ಬರೆದಿದ್ದು" ಎಂದಳು ತಂಗಿ. "ಒತ್ತಿದ್ದು ನಾನು."

ಅಕ್ಕ ಹೋಗಿ ಅಮ್ಮನ ಹೆಗಲಿನಿಂದ ಜಾರಿದ್ದ ಶಾಲನ್ನು ಸರಿಮಾಡಿದಳು. ಆಗಲೇ ಸರಿಯಾಗಿದ್ದ ಇನ್ನೊಂದು ಅಂಚನ್ನೂ ಸರಿಮಾಡಿದಳು.

ಫಿಟ್ಟರ್ ತೆವಳಿಕೊಂಡು ಈಚೆ ಬಂದು, ಕೈ ಒರೆಸಿಕೊಂಡು, ಹೊಸ ಹಿಡಿಕೆಯನ್ನು ಸಿಕ್ಕಿಸಿದ. "ಒಂದ್ಸಲ ಭಾರ ಹಾಕಿ ನೋಡ್ಬೇಕು. ಅಜ್ಜೀನ ಈಗ್ಲೇ ಮಲಗಿಸೋದು ಬೇಡ. ಯಾರಾದ್ರೂ ದೊಡ್ಡೋರು ಮಲಗಿ."

ಅಕ್ಕ ತಂಗಿಯ ಕಡೆ ತಿರುಗಿದಳು. "ನೀನೇ ಮಲಗು. ನಿಮ್ಮ ಕಂಪನಿ ಮಂಚ ತಾನೆ."

ಅವಳು ಕೋಟು ತೆಗೆದು ಬದಿಗಿಟ್ಟು, ಅಮ್ಮನ ಹಾಸಿಗೆಯ ಮೇಲೆ ಮೆಲ್ಲಗೆ ಮೈ ಚಾಚಿದಳು. ದಿಂಬಿನಲ್ಲಿ ಪೌಡರಿನ, ಮುಲಾಮಿನ ವಾಸನೆ. ಮೇಲೆ ಸೂರು ಮಾತ್ರ ಕಂಡಿತು. ಅಲ್ಲೊಂದು ನೀರಿನ ಕಲೆ, ಅದರ ಪಕ್ಕ ತಿರುಗದೆ ನಿಂತ ಫ್ಯಾನು. ಅಮ್ಮ ಬೇಸಿಗೆಯಿಂದ ನೋಡುತ್ತಿದ್ದದ್ದು ಇದನ್ನೇ. ಕಾಲಿನ ಕಡೆ ಅಕ್ಕ ಬಗ್ಗಿ ಹಿಡಿಕೆ ಹಿಡಿದದ್ದು ಅವಳಿಗೆ ಕಾಣಲಿಲ್ಲ, ಕಬ್ಬಿಣ ಕಿರುಗುಟ್ಟಿದ್ದು ಕೇಳಿಸಿತು. ಬೆನ್ನಿನ ಕೆಳಗೆ ಹಲಗೆ ಅಲುಗಿತು. ಸೂರು ನಿಧಾನವಾಗಿ ತಲೆಯ ಹಿಂದಕ್ಕೆ ಸರಿಯಿತು, ಗೋಡೆ ಇಳಿದು ಬಂತು, ಕಿಟಕಿಯ ಮೇಲಂಚು ಬಂತು. ಆಮೇಲೆ ಬೆಳಕಿನಲ್ಲಿ ಅಮ್ಮನ ಬಾಚಿದ ಕೂದಲು, ಹಣೆ, ಕಣ್ಣು.

"ಸಾಕಾ?" ಎಂದು ಅಕ್ಕ ಕೆಳಗಿಂದ ಕೇಳಿದಳು.

"ಇನ್ನೂ ಸ್ವಲ್ಪ."

ಹಿಡಿಕೆ ಮತ್ತೆ ತಿರುಗತೊಡಗಿತು.